ಹತ್ತನೆಯ ತರಗತಿಯ ಗಣಿತ, ವಿಜ್ಞಾನಕ್ಕೆ ಟ್ಯೂಷನ್: ಬ್ಯಾಚಿಗೆ ಕಳುಹಿಸುವುದೋ, ಮನೆಪಾಠ ಹೇಳಿಸುವುದೋ?

ರಾಜಾಜಿನಗರದ ತಂದೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಈ ವರ್ಷ ಹತ್ತನೆಯ ತರಗತಿಗೆ ಬಂದಿದ್ದಾಳೆ. ಒಂಬತ್ತನೆಯ ತರಗತಿಯುದ್ದಕ್ಕೂ ಮನೆಗೆ ಹತ್ತಿರವಿರುವ ಟ್ಯೂಷನ್ ಕೇಂದ್ರವೊಂದಕ್ಕೆ ವಾರಕ್ಕೆ ಐದು ದಿನ, ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಹೋಗಿ ಬಂದಳು. ಬ್ಯಾಚಿನಲ್ಲಿ ಮೂವತ್ತೈದು ಮಕ್ಕಳಿದ್ದರು. ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ವಾರ್ಷಿಕ ಪರೀಕ್ಷೆಯ ಲಿಖಿತ ಭಾಗದಲ್ಲಿ ಗಣಿತಕ್ಕೆ 80ಕ್ಕೆ 31, ವಿಜ್ಞಾನಕ್ಕೆ 38 ಬಂದಿತು.

ನನ್ನನ್ನು ಕಾಡಿದ್ದು ಅಂಕಗಳಿಗಿಂತ ಅವಳ ಟ್ಯೂಷನ್ ನೋಟ್‌ಬುಕ್. ನಾಲ್ಕು ಪುಸ್ತಕಗಳು ತುಂಬಿವೆ, ಅಕ್ಷರ ಮುತ್ತಿನಂತಿದೆ, ಒಂದು ಲೆಕ್ಕವೂ ತಪ್ಪಿಲ್ಲ. ಅದೇ ಪುಟದ ಒಂದು ಲೆಕ್ಕದಲ್ಲಿ ಸಂಖ್ಯೆಗಳನ್ನಷ್ಟೇ ಬದಲಿಸಿ ನಾನು ಕೊಟ್ಟಾಗ ಅವಳು ಹತ್ತು ನಿಮಿಷ ಸುಮ್ಮನೆ ಕುಳಿತಳು, ಆಮೇಲೆ ಕಣ್ಣಲ್ಲಿ ನೀರು ಬಂತು. ವರ್ಷವಿಡೀ ಅವಳು ಮಾಡಿದ್ದು ಬೋರ್ಡ್ ನೋಡಿ ಬರೆದುಕೊಂಡದ್ದಷ್ಟೇ ಎಂದು ಆಗ ನನಗೆ ಅರ್ಥವಾಯಿತು. ಈ ವರ್ಷ ಇನ್ನೊಂದು ದೊಡ್ಡ ಕೇಂದ್ರಕ್ಕೆ ಸೇರಿಸುವುದು ಒಳ್ಳೆಯದೋ, ಮನೆಗೆ ಬಂದು ಪಾಠ ಹೇಳುವವರನ್ನು ಗೊತ್ತುಮಾಡುವುದು ಒಳ್ಳೆಯದೋ, ಅಥವಾ ಎರಡನ್ನೂ ಬಿಟ್ಟು ನಾನೇ ಕುಳಿತು ಹೇಳಿಕೊಡಬಹುದೋ ಎಂಬುದು ತಿಳಿಯುತ್ತಿಲ್ಲ. ನಾನು ಓದಿದ್ದು ವಾಣಿಜ್ಯ. ಅನುಭವವಿರುವವರು ದಯವಿಟ್ಟು ತಿಳಿಸಿ.

ಕೆಂಗೇರಿಯ ತಾಯಿ:

ದೊಡ್ಡ ಕೇಂದ್ರಕ್ಕೆ ಸೇರಿಸುವ ಮುನ್ನ ನಮ್ಮ ಅನುಭವವನ್ನು ಒಮ್ಮೆ ಓದಿ. ಎರಡು ವರ್ಷಗಳ ಹಿಂದೆ ನನ್ನ ಮಗನನ್ನು ಹೆಸರುವಾಸಿಯಾದ ಒಂದು ಕೇಂದ್ರಕ್ಕೆ ಸೇರಿಸಿ ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿದೆವು. ರಿಯಾಯಿತಿ ಸಿಗುತ್ತದೆ ಎಂಬುದೇ ಅದಕ್ಕೆ ಕಾರಣ. ಮೂರು ತಿಂಗಳಲ್ಲಿ ಗಣಿತದ ಶಿಕ್ಷಕರು ಮೂರು ಬಾರಿ ಬದಲಾದರು. ಬಿಡಿಸುತ್ತೇವೆ ಎಂದಾಗ ಶುಲ್ಕ ಹಿಂದಿರುಗಿಸುವ ನಿಯಮವಿಲ್ಲ ಎಂದು ಹೇಳಿ ಕಳುಹಿಸಿದರು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯಲ್ಲಿ, ಪೂರ್ಣ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು ಎಂದಿದೆ. ಇದು ನಮಗೆ ತಿಳಿದದ್ದು ತಡವಾಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಸ್ವಲ್ಪ ಹಣ ಕೈಗೆ ಬಂತು, ಆದರೆ ಮಗನ ಅರ್ಧ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎಲ್ಲಿಗೆ ಸೇರಿಸಿದರೂ ತಿಂಗಳಿಂದ ತಿಂಗಳಿಗೆ ಕಟ್ಟಿ, ರಸೀದಿ ತೆಗೆದುಕೊಳ್ಳಿ. ದೊಡ್ಡ ಕೇಂದ್ರಗಳ ಶುಲ್ಕದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹನುಮಂತನಗರದ ನಿವೃತ್ತ ಗಣಿತ ಶಿಕ್ಷಕಿ:

ರಾಜಾಜಿನಗರದವರು ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಮಗಳಿಗೆ ಎಲ್ಲಿ ತೊಡಕಾಗಿದೆ ಎಂದು ಇದುವರೆಗೆ ಯಾರಾದರೂ ನೋಡಿದ್ದಾರೆಯೆ? ಹತ್ತನೆಯ ತರಗತಿಯ ಲೆಕ್ಕ ಬರುವುದಿಲ್ಲ ಎಂದು ನನ್ನ ಬಳಿ ಬಂದ ಮಕ್ಕಳಲ್ಲಿ ಬಹುಪಾಲು ಮಕ್ಕಳ ತೊಡಕು ಹತ್ತನೆಯ ತರಗತಿಯಲ್ಲಿ ಇರಲೇ ಇಲ್ಲ.

ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಭೌತವಿಜ್ಞಾನದ ವಿದ್ಯುಚ್ಛಕ್ತಿ ಪಾಠದಲ್ಲಿ 6 ಓಮ್ ಮತ್ತು 3 ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂಬ ಲೆಕ್ಕವಿತ್ತು. ಅವನಿಗೆ ಸೂತ್ರ ಬಾಯಿಪಾಠವಾಗಿತ್ತು. 1/6 + 1/3 ಎಂದು ಸರಿಯಾಗಿಯೇ ಬರೆದ. ಮುಂದಿನ ಸಾಲಿನಲ್ಲಿ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ 2/9 ಎಂದು ಬರೆದು, ಅದನ್ನು ತಿರುಗಿಸಿ 4.5 ಓಮ್ ಎಂದು ಉತ್ತರ ಕೊಟ್ಟ. 1/6 + 1/3 ಎಂದರೆ 1/2, ತಿರುಗಿಸಿದರೆ ಬರುವ ಸರಿಯಾದ ಉತ್ತರ 2 ಓಮ್. ಶಾಲೆಯಲ್ಲಿ ಇದಕ್ಕೆ ಕೆಂಪು ಗೀಟು ಬಿತ್ತು, ಟ್ಯೂಷನ್ನಿನಲ್ಲಿ ಅದೇ ಸೂತ್ರವನ್ನು ಇನ್ನೂ ಇಪ್ಪತ್ತು ಸಲ ಬರೆಸಿದರು. ಅವನಿಗೆ ವಿದ್ಯುಚ್ಛಕ್ತಿ ಅರ್ಥವಾಗುವುದಿಲ್ಲ ಎಂದು ಮನೆಯವರೂ ತೀರ್ಮಾನಿಸಿದರು. ಅವನಿಗೆ ಬಾರದೇ ಇದ್ದದ್ದು ಆರನೆಯ ತರಗತಿಯಲ್ಲಿ ಕಲಿಯಬೇಕಾಗಿದ್ದ ಭಿನ್ನರಾಶಿಗಳ ಸಂಕಲನ. ಅರ್ಧ ರೊಟ್ಟಿಗೆ ಅರ್ಧ ರೊಟ್ಟಿ ಸೇರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಒಂದು ರೊಟ್ಟಿ ಎಂದ. ಹಾಗಾದರೆ ನಿನ್ನ ರೀತಿಯಲ್ಲಿ 1/2 + 1/2 ಕೂಡಿ ನೋಡು ಎಂದೆ. 2/4 ಬಂತು, ಅಂದರೆ ಮತ್ತೆ ಅರ್ಧ ರೊಟ್ಟಿಯೇ. ಅವನು ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದ. ಲಘುತ್ತಮ ಸಾಮಾನ್ಯ ಅಪವರ್ತ್ಯ ಏಕೆ ಬೇಕು ಎಂಬುದನ್ನು ಆ ದಿನ ಅವನಿಗೆ ಹೇಳಿಕೊಡಲು ಅರ್ಧ ಗಂಟೆ ಸಾಕಾಯಿತು.

ಅದೇ ಲೆಕ್ಕದಲ್ಲಿ ವಿಜ್ಞಾನದ ಪಾಠವೂ ಇದೆ. ಸಮಾಂತರ ಜೋಡಣೆ ಎಂದರೆ ವಿದ್ಯುತ್ ಹರಿಯಲು ಇನ್ನೊಂದು ದಾರಿ ಮಾಡಿಕೊಟ್ಟಂತೆ. ದಾರಿ ಹೆಚ್ಚಿದಾಗ ಅಡ್ಡಿ ಕಡಿಮೆಯಾಗಲೇಬೇಕು, ಆದ್ದರಿಂದ ಒಟ್ಟು ರೋಧವು ಅತಿ ಚಿಕ್ಕ ರೋಧಕ್ಕಿಂತಲೂ, ಅಂದರೆ ಇಲ್ಲಿ 3 ಓಮ್‌ಗಿಂತಲೂ, ಕಡಿಮೆಯಿರಬೇಕು. ಇಷ್ಟು ತಿಳಿದಿದ್ದ ಮಗು 4.5 ಎಂಬ ಉತ್ತರವನ್ನು ನೋಡಿದ ಕೂಡಲೇ ಎಲ್ಲೋ ತಪ್ಪಿದೆ ಎಂದು ತಾನೇ ಹಿಂದಿರುಗಿ ನೋಡುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಒಂದು ಬಿಳಿ ಹಾಳೆಯಲ್ಲಿ ಐದು ಲೆಕ್ಕಗಳನ್ನು ಬರೆದು ಮಗಳಿಗೆ ಕೊಡಿ: 1/6 + 1/3 ಎಷ್ಟು, ಮೈನಸ್ 7ರಿಂದ ಮೈನಸ್ 3ನ್ನು ಕಳೆದರೆ ಎಷ್ಟು, 0.2 × 0.3 ಎಷ್ಟು; ಎಕ್ಸ್‌ಗೆ 3 ಕೂಡಿ ಬಂದದ್ದನ್ನು ವರ್ಗ ಮಾಡಿ ವಿಸ್ತರಿಸಿದರೆ ಏನು ಬರುತ್ತದೆ; ‘ವಿ = ಯು + ಎಟಿ’ ಎಂಬ ಚಲನೆಯ ಸಮೀಕರಣದಲ್ಲಿ (ಎಟಿ ಎಂದರೆ ಎ × ಟಿ) ಟಿಯನ್ನು ವಿ, ಯು, ಎಗಳಿಂದ ಹೇಗೆ ಬರೆಯುವುದು. ಗಡಿಯಾರ ಇಡಬೇಡಿ, ಪಕ್ಕದಲ್ಲಿ ಕುಳಿತು ತಿದ್ದಬೇಡಿ, ಹೊಡೆದು ಹಾಕಿದ್ದನ್ನೂ ಹಾಗೆಯೇ ಬಿಡಲು ಹೇಳಿ. ತಪ್ಪು ಉತ್ತರ ಬಂದ ಕಡೆ ಹೇಗೆ ಮಾಡಿದೆ ಎಂದು ಮಾತ್ರ ಕೇಳಿ, ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಯಾವ ಶಿಕ್ಷಕರನ್ನು ಗೊತ್ತುಮಾಡಿದರೂ ಅವರ ಕೈಗೆ ಮೊದಲು ಆ ಹಾಳೆಯನ್ನು ಕೊಡಬೇಕು. ಅದನ್ನು ಓದದೆ ಪಕ್ಕಕ್ಕಿಟ್ಟು ಮೊದಲನೆಯ ಅಧ್ಯಾಯದಿಂದ ಶುರುಮಾಡುತ್ತೇನೆ ಎನ್ನುವವರು ನಿಮ್ಮ ಮಗಳಿಗೆ ತಕ್ಕವರಲ್ಲ.

ವೈಟ್‌ಫೀಲ್ಡ್‌ನ ತಂದೆ:

ಮೇಡಂ ಅವರ ಮಾತನ್ನು ಗೌರವಿಸುತ್ತೇನೆ, ಆದರೆ ನನ್ನದು ಬೇರೆ ಅಭಿಪ್ರಾಯ. ಜೆಇಇ, ನೀಟ್ ಬರೆಯಬೇಕೆಂಬ ಮಕ್ಕಳಿಗೆ ಪಿಯುಸಿಯ ಎರಡು ವರ್ಷ ಸಾಲುವುದಿಲ್ಲ. ಎಂಟನೆಯ ತರಗತಿಯಿಂದಲೇ ಫೌಂಡೇಷನ್ ಕೋರ್ಸಿಗೆ ಸೇರಿಸಿದರೆ ಸ್ಪರ್ಧೆಯ ವೇಗಕ್ಕೆ ಒಗ್ಗಿಕೊಳ್ಳುತ್ತಾರೆ. ನನ್ನ ದೊಡ್ಡ ಮಗ ಹಾಗೆಯೇ ಓದಿದ, ಬ್ಯಾಚಿನಲ್ಲಿದ್ದ ಇತರ ಮಕ್ಕಳನ್ನು ನೋಡಿಯೇ ಅವನಲ್ಲಿ ಛಲ ಮೂಡಿತು. ಒಬ್ಬರೇ ಶಿಕ್ಷಕರ ಮುಂದೆ ಒಬ್ಬಳೇ ಕುಳಿತರೆ ಆ ಛಲ ಎಲ್ಲಿಂದ ಬರಬೇಕು?

ಹನುಮಂತನಗರದ ನಿವೃತ್ತ ಗಣಿತ ಶಿಕ್ಷಕಿ:

ನಿಮ್ಮ ಮಗನಿಗೆ ತಳಪಾಯ ಗಟ್ಟಿಯಿತ್ತು, ಆದ್ದರಿಂದ ವೇಗ ಅವನಿಗೆ ಒಲಿಯಿತು. ಅದರಲ್ಲಿ ನನಗೆ ಸಂದೇಹವಿಲ್ಲ. 80ಕ್ಕೆ 31 ಪಡೆದ ಮಗುವನ್ನು ಅದೇ ಬ್ಯಾಚಿನಲ್ಲಿ ಕೂರಿಸಿದರೆ ಅವಳಿಗೆ ಇತರರ ವೇಗ ಛಲವಾಗುವುದಿಲ್ಲ, ನಾಚಿಕೆಯಾಗುತ್ತದೆ. ಗೊತ್ತಾಗಲಿಲ್ಲ ಎಂದು ಕೈ ಎತ್ತುವುದನ್ನು ಮಗು ನಿಲ್ಲಿಸಿದ ದಿನದಿಂದ ಕಲಿಕೆಯೂ ನಿಂತಿತೆಂದೇ ಲೆಕ್ಕ. ಇನ್ನೊಂದು ವಿಷಯವಿದೆ. ಕೆಂಗೇರಿಯವರು ಹೇಳಿದ 2024ರ ಮಾರ್ಗಸೂಚಿಯು 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ಪ್ರೌಢಶಾಲಾ ಪರೀಕ್ಷೆ ಮುಗಿದ ಮೇಲೆಯೇ ಸೇರಿಸಿಕೊಳ್ಳಬೇಕು ಎನ್ನುತ್ತದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಅನ್ವಯಿಸುವ ಮಾತು ಅದು, ಮನೆಪಾಠಕ್ಕಲ್ಲ. ಆ ವಯಸ್ಸಿನ ಮಕ್ಕಳ ಮೇಲೆ ಸ್ಪರ್ಧೆಯ ಭಾರ ಹೊರಿಸಬಾರದೆಂಬ ಕಾಳಜಿಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಯಲಹಂಕದ ಸರ್ಕಾರಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕ:

ಪೋಷಕರಿಗೆ ಎರಡು ಮಾತು ಹೇಳಬೇಕೆನಿಸಿತು. ಮೊದಲನೆಯದು, ಮಗುವಿಗೆ ಶಾಲೆಯಲ್ಲಿ ಪಾಠ ಮಾಡುವವರನ್ನೇ ಸಂಜೆ ಮನೆಗೆ ಬರಲು ಕೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಪಾಠದಲ್ಲಿ ತೊಡಗುವಂತಿಲ್ಲ. ಅದಕ್ಕೆ ಬದಲಾಗಿ ತರಗತಿ ಮುಗಿದ ಮೇಲೆ ಹತ್ತು ನಿಮಿಷ ಕೊಡಿ ಎಂದು ಕೇಳಿ. ಪಾಠ ಅರ್ಥವಾಗಲಿಲ್ಲ ಎಂದರೆ ನಮಗೂ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದಿರಿ ಎಂದು ಪುಟ ತೆರೆದು ಬೆರಳಿಟ್ಟು ಕೇಳುವ ಮಗುವಿಗೆ ಇಲ್ಲ ಎನ್ನುವ ಶಿಕ್ಷಕರನ್ನು ನಾನು ಕಂಡಿಲ್ಲ.

ಎರಡನೆಯದು ಪರೀಕ್ಷೆಯ ಬಗ್ಗೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ಮೂಲಕ ನೇರ ನಿಗಾ, ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿ ಕೊಟ್ಟರೂ ಅದು ಶೇ. 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34 ಆಯಿತು. ಈ ಅಂಕಿಗಳನ್ನು ನೋಡಿ ಹೆದರಿದ ಪೋಷಕರು ಜೂನ್ ತಿಂಗಳಲ್ಲಿಯೇ ಮಕ್ಕಳನ್ನು ಎರಡೆರಡು ಟ್ಯೂಷನ್ನಿಗೆ ಹಾಕುತ್ತಿದ್ದಾರೆ. ಬೆಳಿಗ್ಗೆ ಆರಕ್ಕೆ ಒಂದು, ಸಂಜೆ ಆರಕ್ಕೆ ಇನ್ನೊಂದು. ನಡುವೆ ನಮ್ಮ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಮಗು ತೂಕಡಿಸುತ್ತದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ಒಂದೇ ಪ್ರಯತ್ನದಲ್ಲಿ ಎಲ್ಲವೂ ಮುಗಿದುಹೋಗುತ್ತದೆ ಎಂಬ ಭಯವನ್ನು ಮಗುವಿನ ತಲೆಯಿಂದ ತೆಗೆದುಹಾಕಿ. ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳಿಗಾಗಿ ಯಾರಿಗೂ ದುಡ್ಡು ಕೊಡುವ ಅಗತ್ಯವಿಲ್ಲ.

ಮಲ್ಲೇಶ್ವರದ ಮನೆಪಾಠದ ಶಿಕ್ಷಕಿ:

ನಾನು ಆರು ವರ್ಷಗಳಿಂದ ಮಲ್ಲೇಶ್ವರ, ರಾಜಾಜಿನಗರದ ಮನೆಗಳಲ್ಲಿ ಗಣಿತ ಮತ್ತು ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಹಿರಿಯ ಮೇಡಂ ಹೇಳಿದ ಹಾಳೆಯ ಪರೀಕ್ಷೆಯನ್ನೇ ನಾನೂ ಬೇರೊಂದು ರೂಪದಲ್ಲಿ ಮಾಡುತ್ತೇನೆ. ಮೊದಲ ಎರಡು ವಾರ ಹತ್ತನೆಯ ತರಗತಿಯ ಪುಸ್ತಕವನ್ನು ಬಹುಮಟ್ಟಿಗೆ ತೆರೆಯುವುದಿಲ್ಲ. ಇದರಿಂದ ಕೆಲವು ಪೋಷಕರಿಗೆ ಅಸಮಾಧಾನವಾಗುತ್ತದೆ. ಶಾಲೆಯಲ್ಲಿ ಮೂರನೆಯ ಪಾಠ ನಡೆಯುತ್ತಿದೆ, ನೀವು ಇನ್ನೂ ಏಳನೆಯ ತರಗತಿಯ ಲೆಕ್ಕ ಮಾಡಿಸುತ್ತಿದ್ದೀರಲ್ಲ ಎಂದು ಕೇಳುತ್ತಾರೆ. ಆ ಎರಡು ವಾರ ತಾಳ್ಮೆಯಿಂದಿದ್ದ ಮನೆಗಳಲ್ಲಿ ಆಮೇಲಿನ ಪಾಠ ಎರಡು ಪಟ್ಟು ಬೇಗ ಸಾಗಿದೆ.

ಶಿಕ್ಷಕರನ್ನು ಆರಿಸುವವರಿಗೆ ಒಂದು ಗುರುತು ಹೇಳುತ್ತೇನೆ. ಪ್ರಾಯೋಗಿಕವಾಗಿ ಮಾಡುವ ಮೊದಲ ಪಾಠದಲ್ಲಿ ಅವರ ಮಾತಿನ ಚಾತುರ್ಯವನ್ನು ನೋಡಬೇಡಿ, ಒಂದು ಗಂಟೆಯಲ್ಲಿ ಪೆನ್ನು ಎಷ್ಟು ಹೊತ್ತು ಮಗುವಿನ ಕೈಯಲ್ಲಿತ್ತು ಎಂದು ನೋಡಿ. ನಲವತ್ತು ನಿಮಿಷವಾದರೂ ಮಗು ಬರೆಯುತ್ತಿರಬೇಕು, ಶಿಕ್ಷಕರು ನೋಡುತ್ತಿರಬೇಕು. ಆನ್‌ಲೈನ್ ಪಾಠವಾದರೆ ಕ್ಯಾಮೆರಾ ಮಗುವಿನ ಮುಖದ ಕಡೆಗಿರದೆ ನೋಟ್‌ಬುಕ್ಕಿನ ಕಡೆಗಿರಬೇಕು. ಸಾಕಷ್ಟು ಎತ್ತರದ ಒಂದು ಸ್ಟ್ಯಾಂಡಿನ ಮೇಲೆ ಫೋನನ್ನು ಕ್ಯಾಮೆರಾ ಕೆಳಮುಖವಾಗಿ ಹೊರಚಾಚಿರುವಂತೆ ಅಡ್ಡ ಮಲಗಿಸಿ, ಹಾಳೆ ಮಾತ್ರ ಕಾಣುವಂತೆ ಇಟ್ಟುಕೊಂಡರೆ ತಪ್ಪು ಹುಟ್ಟುವ ಕ್ಷಣದಲ್ಲೇ ನಮ್ಮ ಕಣ್ಣಿಗೆ ಬೀಳುತ್ತದೆ.

ವಿಜ್ಞಾನದಲ್ಲಿಯೂ ಇದೇ ಕಥೆ. ರಾಸಾಯನಿಕ ಸಮೀಕರಣ ಸರಿದೂಗಿಸುವಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆಯನ್ನು ಕೊಟ್ಟರೆ, ಬಲಗಡೆ ಒಂದು ಆಕ್ಸಿಜನ್ ಕಡಿಮೆಯಿದೆ ಎಂದು ಮಗು ನೀರಿನ ಸೂತ್ರದೊಳಗೆ ಆಕ್ಸಿಜನ್‌ನ ಪಕ್ಕದಲ್ಲಿ ಕೆಳಗೆ 2 ಎಂದು ಬರೆದುಬಿಡುತ್ತದೆ. ಲೆಕ್ಕ ಸರಿಹೋಯಿತು ಎಂದು ಅದಕ್ಕೆ ಸಂತೋಷ. ಆದರೆ ಅದು ಈಗ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದ ಒಳಗಿನ ಸಂಖ್ಯೆ ಪದಾರ್ಥ ಯಾವುದು ಎಂದು ಹೇಳುತ್ತದೆ, ಮುಂದಿನ ಸಂಖ್ಯೆ ಅಂಥ ಅಣುಗಳು ಎಷ್ಟು ಎಂದು ಹೇಳುತ್ತದೆ ಎಂಬ ವ್ಯತ್ಯಾಸವನ್ನು ಕಡಲೆಕಾಳು ಮತ್ತು ಹೆಸರುಕಾಳುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದ ದಿನ ಮಗುವಿಗೆ ಅದು ಮತ್ತೆ ಮರೆಯುವುದಿಲ್ಲ. ಮೂವತ್ತೈದು ಮಕ್ಕಳ ಬ್ಯಾಚಿನಲ್ಲಿ ಅಷ್ಟು ಮೇಜುಗಳಾಗಲಿ, ಅಷ್ಟು ಸಮಯವಾಗಲಿ ಇರುವುದಿಲ್ಲ. ಹಾಗೆಂದು ಬ್ಯಾಚುಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ನಾಲ್ಕೈದು ಮಕ್ಕಳ ಗುಂಪು ಹಲವು ಸಲ ಒಂಟಿ ಪಾಠಕ್ಕಿಂತಲೂ ಚೆನ್ನಾಗಿ ನಡೆಯುತ್ತದೆ, ಖರ್ಚೂ ಹಂಚಿಹೋಗುತ್ತದೆ.

ಪೀಣ್ಯದ ಇಂಜಿನಿಯರಿಂಗ್ ವಿದ್ಯಾರ್ಥಿ:

ಕನ್ನಡ ಮಾಧ್ಯಮದ ಮಕ್ಕಳ ಪರವಾಗಿ ಒಂದು ಮಾತು. ನಾನು ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿದೆ. ಒಂಬತ್ತು ಮತ್ತು ಹತ್ತನೆಯ ತರಗತಿಯ ಗಣಿತ, ವಿಜ್ಞಾನಕ್ಕೆ ನಮಗಿರುವುದು ಎನ್‌ಸಿಇಆರ್‌ಟಿ ಪಠ್ಯದ ಕನ್ನಡ ರೂಪವೇ ಆದ್ದರಿಂದ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರ, ತರಗತಿಯಲ್ಲಿ ರಿಫ್ರಾಕ್ಷನ್ ಎಂದು ಹೇಳುತ್ತಿದ್ದುದು ನನಗೆ ಚೆನ್ನಾಗಿ ಗೊತ್ತಿದ್ದ ವಕ್ರೀಭವನವೇ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಪ್ರತ್ಯಾಮ್ಲ ಬೇಸ್ ಆಯಿತು, ಛೇದ ಡಿನಾಮಿನೇಟರ್ ಆಯಿತು, ವೇಗೋತ್ಕರ್ಷ ಆಕ್ಸಲರೇಷನ್ ಆಯಿತು. ಕೇಳಲು ಸಂಕೋಚ. ಆಗ ನಮ್ಮ ಬೀದಿಯಲ್ಲೇ ಇದ್ದ, ಡಿಪ್ಲೊಮಾ ಓದುತ್ತಿದ್ದ ಅಣ್ಣನೊಬ್ಬರು ಹಣ ತೆಗೆದುಕೊಳ್ಳದೆ ವಾರಕ್ಕೆ ಎರಡು ಸಂಜೆ ಕೂರಿಸಿಕೊಂಡರು. ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿಸಿ, ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷ್ ಪದ, ಕೆಳಗೆ ನನ್ನದೇ ಮಾತಿನಲ್ಲಿ ಒಂದು ವಾಕ್ಯ ಬರೆಸಿದರು. ಎರಡು ತಿಂಗಳಲ್ಲಿ ಸುಮಾರು ಮುನ್ನೂರು ಪದಗಳಾದವು. ಕನ್ನಡ ಮಾಧ್ಯಮದ ಮಗುವಿಗೆ ಮನೆಪಾಠ ಹೇಳುವವರನ್ನು ಹುಡುಕುವಾಗ ಎರಡೂ ಭಾಷೆಯಲ್ಲಿ ವಿಜ್ಞಾನ ಹೇಳಬಲ್ಲವರನ್ನೇ ಹುಡುಕಿ, ಮತ್ತು ಈ ಕೆಲಸವನ್ನು ಪಿಯುಸಿಗೆ ಬಿಡದೆ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಶುರುಮಾಡಿ.

ಕೆಂಗೇರಿಯ ತಾಯಿ:

ಪದಗಳ ಪುಸ್ತಕದ ಉಪಾಯ ಬಹಳ ಉಪಯುಕ್ತವಾಗಿದೆ. ನಮ್ಮ ಮನೆಗೆಲಸಕ್ಕೆ ಬರುವವರ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಇವತ್ತೇ ಅವಳಿಗೆ ಒಂದು ನೋಟ್‌ಬುಕ್ ತಂದುಕೊಡುತ್ತೇನೆ.

ರಾಜಾಜಿನಗರದ ತಂದೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಹೇಳಿದಂತೆಯೇ ಒಂದು ಭಾನುವಾರ ಬೆಳಿಗ್ಗೆ ಐದು ಲೆಕ್ಕಗಳ ಹಾಳೆಯನ್ನು ಮಗಳಿಗೆ ಕೊಟ್ಟೆ. ಭಿನ್ನರಾಶಿ ಮತ್ತು ಮೈನಸ್ ಲೆಕ್ಕಗಳು ಸರಿಯಿದ್ದವು, ವರ್ಗದ ವಿಸ್ತರಣೆಯೂ ಸರಿಯಿತ್ತು. 0.2 × 0.3ಕ್ಕೆ 0.06ರ ಬದಲು 0.6 ಎಂದು ಬರೆದಿದ್ದಳು. ಕೊನೆಯದರಲ್ಲಿ ಟಿ ಎಂದರೆ ವಿ ಮೈನಸ್ ಯು ಮೈನಸ್ ಎ ಎಂದು ಬರೆದಿದ್ದಳು. ಹೇಗೆ ಮಾಡಿದೆ ಎಂದು ಕೇಳಿದಾಗ ಅವಳು ಹೇಳಿದ್ದನ್ನು ಹಾಗೆಯೇ ಬರೆದಿಟ್ಟಿದ್ದೇನೆ: "ಆ ಕಡೆ ಹೋದರೆ ಮೈನಸ್ ಆಗುತ್ತೆ ಅಪ್ಪ, ಯು ಹೋಯಿತು, ಎ ಹೋಯಿತು." ಎ ಮತ್ತು ಟಿ ಒಂದಕ್ಕೊಂದು ಗುಣಿಸಿಕೊಂಡಿವೆ ಎಂಬುದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಏಳನೆಯ ತರಗತಿಯಿಂದ ಪ್ರತಿಯೊಂದು ಸಮೀಕರಣವನ್ನೂ ಅವಳು ಇದೊಂದೇ ನಿಯಮದಿಂದ ಬಿಡಿಸುತ್ತಾ ಬಂದಿದ್ದಾಳೆ. ಗಣಿತದಲ್ಲಿ ಹೋದ ಅಂಕಗಳು, ವಿಜ್ಞಾನದ ಲೆಕ್ಕಗಳಲ್ಲಿ ಹೋದ ಅಂಕಗಳು ಬಹುಪಾಲು ಇದರಿಂದಲೇ ಹೋಗಿವೆ ಎಂದು ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದಾಗ ಗೊತ್ತಾಯಿತು.

ಹನುಮಂತನಗರದ ನಿವೃತ್ತ ಗಣಿತ ಶಿಕ್ಷಕಿ:

ಎಷ್ಟು ಸಂತೋಷವಾಯಿತೆಂದರೆ, ಓದಿದ ಕೂಡಲೇ ಬರೆಯುತ್ತಿದ್ದೇನೆ. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಮಾತನ್ನು ನಮ್ಮಲ್ಲಿ ಪಕ್ಷಾಂತರ ಎಂದು ಹೇಳಿಕೊಡುತ್ತೇವೆ. ಅದು ಶಾರ್ಟ್‌ಕಟ್, ಕಾರಣವಲ್ಲ. ಸಮೀಕರಣವು ತಕ್ಕಡಿ. ಒಂದು ತಟ್ಟೆಯಿಂದ ತೆಗೆದಷ್ಟನ್ನೇ ಇನ್ನೊಂದರಿಂದಲೂ ತೆಗೆಯಬೇಕು, ಒಂದನ್ನು ಭಾಗಿಸಿದರೆ ಇನ್ನೊಂದನ್ನೂ ಭಾಗಿಸಬೇಕು. ಅವಳಿಗೆ ಸೂತ್ರವನ್ನು ತಿದ್ದಿಕೊಡಬೇಡಿ, ಸಂಖ್ಯೆ ಕೊಡಿ. ಯು ಎಂದರೆ 2, ಎ ಎಂದರೆ 3, ವಿ ಎಂದರೆ 14 ಎಂದು ಇಟ್ಟುಕೊಂಡು, ಅವಳ ಉತ್ತರದಿಂದ ಬರುವ ಟಿಯನ್ನು ಮೂಲ ಸಮೀಕರಣದೊಳಗೆ ಮತ್ತೆ ಹಾಕಿ ನೋಡಲು ಹೇಳಿ. ತಪ್ಪು ಅವಳ ಕಣ್ಣಿಗೇ ಕಾಣಲಿ. ಇದಕ್ಕೆ ನೀವು ವಾಣಿಜ್ಯ ಓದಿದ್ದರೆ ಏನೂ ತೊಂದರೆಯಿಲ್ಲ.

ರಾಜಾಜಿನಗರದ ತಂದೆ:

ನಿನ್ನೆ ರಾತ್ರಿ ಊಟವಾದ ಮೇಲೆ ಹಾಗೆಯೇ ಮಾಡಿದೆವು. ಅವಳ ರೀತಿಯಲ್ಲಿ ಟಿಗೆ 9 ಬಂತು. ಹಿಂದಕ್ಕೆ ಹಾಕಿದಾಗ 2 + 3 × 9 ಕೂಡಿ 29 ಆಯಿತು, 14 ಬರಲಿಲ್ಲ. ಎರಡು ಸಲ ಗುಣಿಸಿ ನೋಡಿದಳು. ಆಮೇಲೆ ನಾನೇನೂ ಹೇಳದೆ, 14ರಿಂದ 2 ತೆಗೆದು 12 ಎಂದು ಬರೆದು, ಮೂರರಿಂದ ಗುಣಿಸಿದರೆ 12 ಬರುವುದು ಯಾವುದು ಎಂದು ತನ್ನಷ್ಟಕ್ಕೆ ಹೇಳಿಕೊಂಡು 4 ಎಂದು ಬರೆದಳು. "ಭಾಗಿಸಬೇಕಾ ಹಾಗಾದರೆ?" ಎಂದು ಕೇಳಿದಳು. ನಂತರ ಹಳೆಯ ಉತ್ತರಪತ್ರಿಕೆಯನ್ನು ತಾನೇ ತಂದು, ಅದೇ ತಪ್ಪು ಎಲ್ಲೆಲ್ಲಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಾ ಹನ್ನೊಂದು ಗಂಟೆಯವರೆಗೆ ಕುಳಿತಿದ್ದಳು. ಒಟ್ಟು ಏಳು ಕಡೆ ಸಿಕ್ಕಿದವು.

ಈಗ ಹೀಗೆ ಗೊತ್ತುಮಾಡಿದ್ದೇವೆ. ಅವಳೂ ಅದೇ ಶಾಲೆಯ ಇನ್ನು ಮೂವರು ಗೆಳತಿಯರೂ ಸೇರಿ ನಾಲ್ವರ ಗುಂಪಾಗಿ ಮಂಗಳವಾರ ಮತ್ತು ಶುಕ್ರವಾರ ಒಂದೂವರೆ ಗಂಟೆ ನಮ್ಮ ಮನೆಯ ಊಟದ ಮೇಜಿನಲ್ಲಿಯೇ ಪಾಠ. ಶುಲ್ಕ ತಿಂಗಳ ಕೊನೆಗೆ. ಹೇಳಿಕೊಡಲು ಒಪ್ಪಿದವರಿಗೆ ಆ ಹಾಳೆಯನ್ನು ಕೊಟ್ಟಾಗ ಅವರು ಮಿಕ್ಕ ಮೂವರಿಂದಲೂ ಅದನ್ನೇ ಮಾಡಿಸಿದರು. ಒಬ್ಬಳಿಗೆ ಭಿನ್ನರಾಶಿ, ಇಬ್ಬರಿಗೆ ದಶಮಾಂಶ ಎಂದು ಬೇರೆ ಬೇರೆ ಕಡೆ ತೊಡಕು ಕಂಡಿತು. ಶುಕ್ರವಾರ ಮೊದಲ ಪಾಠಕ್ಕೆ ಹಿಟ್ಟು ತೂಗುವ ಹಳೆಯ ತಕ್ಕಡಿಯನ್ನು ಅಟ್ಟದಿಂದ ಇಳಿಸಿಡಿ ಎಂದು ಅವರು ಕೇಳಿದ್ದಾರೆ.